ಹಳೇ ಟ್ರಕ್ಕಿನ ಹಗಲು ಲೈಟು ಯಾಕೆ ಉರೀತಿಲ್ಲ?

(1/8)

ಒಂದು ಒಗಟು ಹೇಳ್ತೀನಿ. ಉತ್ತರ ಗೊತ್ತಿದ್ರೆ ಮುಂದೆ ಓದೋ ಮೊದಲೇ ಕಾಮೆಂಟ್ ಹಾಕಿ.

ಕೆನಡಾದಲ್ಲಿ ಒಂದು ಹಳೇ ಪಿಕಪ್ ಟ್ರಕ್. 1990ರ ದಶಕದ್ದು. ಟ್ರಕ್ ಅಂದ್ರೆ ಅಲ್ಲಿ ನಮ್ಮ ಲಾರಿ ಅಲ್ಲ, ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರೋ ಗಾಡಿ. ರಾತ್ರಿ ಹೆಡ್‌ಲೈಟ್ ಹಾಕಿದ್ರೆ ಎರಡೂ ಕಡೆ ಚೆನ್ನಾಗೇ ಉರಿಯುತ್ತೆ. ಆದ್ರೆ ಹಗಲಲ್ಲಿ ಗಾಡಿ ಸ್ಟಾರ್ಟ್ ಮಾಡಿದಾಗ ತಾನಾಗೇ ಹತ್ತಬೇಕಾದ ಲೈಟು ಎರಡೂ ಕಡೆ ಹತ್ತಲ್ಲ. ಫ್ಯೂಸ್ ಸರಿ ಇದೆ. ರಿಲೇ ಬದಲಾಯಿಸಿ ನೋಡಿದ್ದಾಯ್ತು, ಅದೂ ಸರಿ ಇದೆ. ಹಗಲಿಗೆ ಅಂತ ಬೇರೆ ಬಲ್ಬೇ ಇಲ್ಲ, ಅದೇ ಹೆಡ್‌ಲೈಟ್ ಬಲ್ಬ್. ಹಾಗಾದ್ರೆ ಹೋಗಿರೋದು ಏನು?

ಪ್ರಶ್ನೆ ಕಳಿಸಿದ್ದು ಆಲ್ಬರ್ಟಾದಲ್ಲಿರೋ ನಮ್ಮ ದೊಡ್ಡಮ್ಮನ ಮಗ. "ಲೋ, ಗಾಡಿ ಪುರಾಣ ಎಲ್ಲ ಓದ್ತಾ ಇರ್ತೀಯಲ್ಲ, ಇದು ಹೇಳು ನೋಡೋಣ" ಅಂತ ವಾಯ್ಸ್ ನೋಟ್. ನಾನು ಬಿಕಾಂ, ವೈರಿಂಗ್ ನನ್ನ ಸಿಲಬಸ್ಸಲ್ಲಿಲ್ಲ. ಆದ್ರೆ ಹುಡುಕ್ತಾ ಹೋದ್ರೆ ಉತ್ತರದ ಬೇರು ಸಿಕ್ಕಿದ್ದು 1980ರ ದಶಕದ ಒಂದು ಚೌಕಾಸಿಯಲ್ಲಿ. ಖರ್ಚು ಯಾರದು, ಲಾಭ ಯಾರಿಗೆ ಅನ್ನೋ ಚೌಕಾಸಿ. ಅದು ನಮ್ಮ ಸಿಲಬಸ್ಸೇ.

(2/8)

ಮೊದಲು ಬೇಸಿಕ್. ಈ ಲೈಟಿಗೆ ಡೇಟೈಮ್ ರನ್ನಿಂಗ್ ಲ್ಯಾಂಪ್ ಅಂತಾರೆ, ಚಿಕ್ಕದಾಗಿ ಡಿಆರ್‌ಎಲ್. ಇದು ಡ್ರೈವರ್‌ಗೆ ರಸ್ತೆ ಕಾಣ್ಲಿ ಅಂತ ಇರೋದಲ್ಲ. ಎದುರಿನವರಿಗೆ ಗಾಡಿ ಕಾಣ್ಲಿ ಅಂತ ಇರೋದು. ಈ ಒಂದು ವಿಷಯ ನೆನಪಿಟ್ಕೊಳ್ಳಿ, ಮುಂದಿನ ಜಗಳ ಎಲ್ಲ ಇದರ ಮೇಲೇ ನಿಂತಿದೆ.

ಹಗಲಲ್ಲಿ ಲೈಟ್ ಹಾಕ್ಕೊಂಡು ಓಡಿಸೋ ಯೋಚನೆ ಅಮೆರಿಕದಲ್ಲೇ 1960ರ ದಶಕದ ಆರಂಭದಲ್ಲಿ ಬಂದಿತ್ತು. ಗ್ರೇಹೌಂಡ್ ಬಸ್ಸುಗಳು ಹಗಲಲ್ಲೂ ಹೆಡ್‌ಲೈಟ್ ಹಾಕ್ಕೊಂಡು ಓಡಿ ನೋಡಿದ್ವು. ಆದ್ರೆ ಅದನ್ನ ಕಾನೂನು ಮಾಡಿದ್ದು ಉತ್ತರ ಯುರೋಪ್. ಫಿನ್‌ಲ್ಯಾಂಡ್ 1972ರಲ್ಲಿ, ಚಳಿಗಾಲಕ್ಕೆ, ಊರಾಚೆ ರಸ್ತೆಗಳಿಗೆ ಮಾತ್ರ. ಸ್ವೀಡನ್ 1977ರಲ್ಲಿ, ವರ್ಷಪೂರ್ತಿ, ಎಲ್ಲ ರಸ್ತೆಗೂ. ಅದೇ ಸ್ವೀಡನ್ ಹತ್ತು ವರ್ಷ ಹಿಂದೆ, 1967ರ ಸೆಪ್ಟೆಂಬರ್ 3ರಂದು, ಇಡೀ ದೇಶದ ಟ್ರಾಫಿಕ್ಕನ್ನ ಎಡಗಡೆಯಿಂದ ಬಲಗಡೆಗೆ ಒಂದೇ ದಿನದಲ್ಲಿ ಬದಲಾಯಿಸಿತ್ತು. ರಸ್ತೆ ವಿಷಯದಲ್ಲಿ ಧೈರ್ಯ ಇರೋ ದೇಶ ಅಂತಾನೇ ಹೇಳ್ಬೇಕು. ಆಮೇಲೆ ನಾರ್ವೆ, ಐಸ್‌ಲ್ಯಾಂಡ್, 1990ರಲ್ಲಿ ಡೆನ್ಮಾರ್ಕ್.

ಯಾಕೆ ಉತ್ತರದವರೇ? ಒಂದು ಸಣ್ಣ ಲೆಕ್ಕ ಮಾಡಿ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ನಟ್ಟನಡು ಮಧ್ಯಾಹ್ನ ಸೂರ್ಯ ದಿಗಂತದಿಂದ ಬರೀ 7 ಡಿಗ್ರಿ ಮೇಲಿರ್ತಾನೆ. ಅದೇ ದಿನ ಬೆಂಗಳೂರಲ್ಲಿ ಸುಮಾರು 53 ಡಿಗ್ರಿ. ನಮ್ಮೂರಲ್ಲಿ ಸಂಜೆ ಮುಳುಗೋ ಹೊತ್ತಿನ ಅರ್ಧ ಗಂಟೆ ಮಾತ್ರ ಕಣ್ಣಿಗೆ ಹೊಡೆಯೋ ಬಿಸಿಲು ಅವರಿಗೆ ಇಡೀ ದಿನ. ಉದ್ದುದ್ದ ನೆರಳು, ಪೈನ್ ಮರಗಳ ಸಾಲು, ಅದರ ಮಧ್ಯೆ ಬೂದು ಬಣ್ಣದ ಕಾರು. ಕಾಣಲ್ಲ. ದೀಪ ಇದ್ರೆ ಕಾಣುತ್ತೆ.

ಸ್ವೀಡನ್ನಿನ ಗಾಡಿಗಳಲ್ಲಿ, ಮುಖ್ಯವಾಗಿ ವೋಲ್ವೋದಲ್ಲಿ, ಇದಕ್ಕೆ ಪ್ರತ್ಯೇಕ ಸಣ್ಣ ಬಲ್ಬ್ ಕೊಟ್ರು, 21 ವ್ಯಾಟಿನದ್ದು. ಇಂಡಿಕೇಟರ್ ಬಲ್ಬಿನಷ್ಟು. ಕೆಲಸಕ್ಕೆ ತಕ್ಕ ದೀಪ, ಅಷ್ಟೇ. ಕಥೆ ಇಲ್ಲಿಗೇ ನಿಂತಿದ್ರೆ ನಮ್ಮಣ್ಣನ ಟ್ರಕ್ಕಿಗೆ ಈ ಗತಿ ಬರ್ತಿರಲಿಲ್ಲ.

(3/8)

ಈಗ ಚೌಕಾಸಿ.

1980ರ ದಶಕದಲ್ಲಿ ಕೆನಡಾ ಸರ್ಕಾರ ಹೊಸ ಗಾಡಿಗಳಿಗೆಲ್ಲ ಡಿಆರ್‌ಎಲ್ ಕಡ್ಡಾಯ ಮಾಡೋಕೆ ಹೊರಟಿತು. ಮೊದಲ ಕರಡು ಹೆಚ್ಚೂಕಡಿಮೆ ಸ್ವೀಡನ್ ಮಾದರಿಯದೇ: ಮುಂದೆ ಹಗಲಿಗೆ ಅಂತಾನೇ ಪ್ರತ್ಯೇಕ ದೀಪ ಇರ್ಬೇಕು. ಗಾಡಿ ಕಂಪನಿಗಳು ಒಪ್ಪಲಿಲ್ಲ. ಹೊಸ ದೀಪ ಅಂದ್ರೆ ಹೊಸ ಅಚ್ಚು, ಹೊಸ ಬಂಪರ್ ಡಿಸೈನ್, ಹೊಸ ವೈರಿಂಗ್. ಅದೂ ಅಮೆರಿಕಕ್ಕೆ ಹೋಲಿಸಿದ್ರೆ ಚಿಕ್ಕದಾದ ಕೆನಡಾ ಮಾರ್ಕೆಟ್ ಒಂದಕ್ಕೋಸ್ಕರ. ನಮ್ಮ ಕಾಸ್ಟ್ ಅಕೌಂಟಿಂಗ್ ಮೇಷ್ಟ್ರು ಕೇಳಿದ್ರೆ ಅವರೂ ತಲೆ ಆಡಿಸ್ತಿದ್ರು. ಕಂಪನಿಗಳು ಕೇಳಿದ್ದು: ಇರೋ ಹೆಡ್‌ಲೈಟನ್ನೇ ಉಪಯೋಗಿಸ್ತೀವಿ, ಬಿಡಿ.

ಕೊನೆಗೆ ರಾಜಿ ಆಯ್ತು. 1989ರ ಡಿಸೆಂಬರ್ 1ರಿಂದ ಕೆನಡಾದಲ್ಲಿ ಮಾರೋ ಹೊಸ ಗಾಡಿಗೆಲ್ಲ, ಪಿಕಪ್ ಟ್ರಕ್ ಸೇರಿ, ಡಿಆರ್‌ಎಲ್ ಕಡ್ಡಾಯ. ಆದ್ರೆ ಹೇಗೆ ಕೊಡ್ತೀರಿ ಅನ್ನೋದು ಕಂಪನಿಗೆ ಬಿಟ್ಟಿದ್ದು. ಪ್ರತ್ಯೇಕ ದೀಪ ಕೊಡಬಹುದು, ಲೋ ಬೀಮ್ ಉರಿಸಬಹುದು, ಹೈ ಬೀಮನ್ನೇ ಮಂದ ಮಾಡಿ ಉರಿಸಬಹುದು, ಇಂಡಿಕೇಟರನ್ನ ಮಿನುಗದ ಹಾಗೆ ಉರಿಸಬಹುದು. ಮಂದ ಮಾಡಿದ ಹೈ ಬೀಮಿಗೆ 7000 ಕ್ಯಾಂಡೆಲಾ ತನಕ ಅವಕಾಶ.

ಕಂಪನಿಗಳು ಅಗ್ಗದ ದಾರಿ ಹಿಡಿದವು. ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಅವತ್ತು ಉಳಿಸಿದ ದುಡ್ಡನ್ನ ಮೂವತ್ತು ವರ್ಷ ಆದ್ಮೇಲೆ ಥರ್ಡ್ ಓನರ್, ಫೋರ್ತ್ ಓನರ್ ಕಟ್ತಾ ಇದ್ದಾನೆ, ಮೈನಸ್ ಇಪ್ಪತ್ತು ಡಿಗ್ರಿ ಚಳೀಲಿ ಬಾನೆಟ್ ಎತ್ಕೊಂಡು.

(4/8)

ಹೆಡ್‌ಲೈಟನ್ನ ಮಂದ ಮಾಡೋದು ಹೇಗೆ? ಹಳೇ ಗಾಡಿಗಳಲ್ಲಿ ಮುಖ್ಯವಾಗಿ ಮೂರು ಥರ.

ಗಣೇಶನ ಪೆಂಡಾಲಿಗೆ ಹಾಕ್ತಿದ್ದ ಹಳೇ ಸೀರಿಯಲ್ ಸೆಟ್ ನೆನಪಿದೆಯಾ? ಸಾಲಾಗಿ ಬಲ್ಬು, ಕರೆಂಟು ಒಂದರೊಳಗಿಂದ ಇನ್ನೊಂದಕ್ಕೆ. ಕೆಲವು ಕಂಪನಿಗಳು ಮಾಡಿದ್ದು ಅದನ್ನೇ. ಹಗಲಲ್ಲಿ ಒಂದು ರಿಲೇ ಎಡಗಡೆಯ ಹೈ ಬೀಮನ್ನ ಬಲಗಡೆಯ ಹೈ ಬೀಮಿಗೆ ಸೀರೀಸಲ್ಲಿ ಜೋಡಿಸುತ್ತೆ. 13-14 ವೋಲ್ಟ್ ಇಬ್ಬರಿಗೂ ಹಂಚಿಹೋಗಿ ಒಬ್ಬೊಬ್ಬರಿಗೆ 7ರ ಹತ್ತಿರ. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಅರ್ಧ ಮಾಡಿದ್ರೆ ಬೆಳಕು ಅರ್ಧ ಆಗಲ್ಲ, ಹೆಚ್ಚೂಕಡಿಮೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಹಗಲಿಗೆ ಅಷ್ಟು ಸಾಕು. ಹೊಸ ಬಲ್ಬ್ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ, ಒಂದು ರಿಲೇ ಸಾಕು. ಬುದ್ಧಿವಂತಿಕೆ ಅಂದ್ರೆ ಬುದ್ಧಿವಂತಿಕೆನೇ.

ಎರಡನೇ ಥರ, ಮಧ್ಯೆ ಒಂದು ರೆಸಿಸ್ಟರ್ ಹಾಕೋದು. ಮಿಕ್ಕ ವೋಲ್ಟೇಜನ್ನ ಅದು ಬಿಸಿಯಾಗಿ ಕಳೆಯುತ್ತೆ. ಮೂರನೇದು, ಕರೆಂಟನ್ನ ಸೆಕೆಂಡಿಗೆ ಎಷ್ಟೋ ಸಲ ಆನ್ ಆಫ್ ಮಾಡೋ ಮಾಡ್ಯೂಲ್. ಕಣ್ಣಿಗೆ ಅದು ಮಂದ ಬೆಳಕಾಗಿ ಕಾಣುತ್ತೆ.

ಈಗ ಒಗಟಿಗೆ ವಾಪಸ್. ಅಣ್ಣನ ಟ್ರಕ್ಕು ಮೊದಲನೇ ಥರದ್ದು. ಅದರ ಹೆಡ್‌ಲೈಟ್ ಬಲ್ಬಲ್ಲಿ ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್, ಒಂದು ಲೋ ಬೀಮಿಗೆ, ಒಂದು ಹೈ ಬೀಮಿಗೆ. "ರಾತ್ರಿ ಎರಡೂ ಕಡೆ ಚೆನ್ನಾಗೇ ಉರಿಯುತ್ತೆ" ಅಂತ ಅವನು ಹೇಳಿದ್ದು ಲೋ ಬೀಮ್ ವಿಷಯ. ಊರೊಳಗೆ ಓಡಾಡೋನು ಹೈ ಬೀಮ್ ಹಾಕೋದೇ ಅಪರೂಪ.

"ಅಣ್ಣ, ಗೋಡೆ ಎದುರಿಗೆ ನಿಲ್ಲಿಸಿ ಹೈ ಬೀಮ್ ಹಾಕು" ಅಂದೆ.

ಎಡಗಡೆ ಮಾತ್ರ ಹತ್ತಿತು.

ಬಲಗಡೆ ಬಲ್ಬಿನ ಹೈ ಬೀಮ್ ಫಿಲಮೆಂಟ್ ಕಟ್ ಆಗಿತ್ತು. ಸೀರಿಯಲ್ ಸೆಟ್ಟಲ್ಲಿ ಒಂದು ಹೋದ್ರೆ ಇಡೀ ಸಾಲು ಹೋಗುತ್ತಲ್ಲ, ಹಾಗೇ. ಒಂದು ಕಡೆ ಸತ್ತಿದ್ದಕ್ಕೆ ಎರಡೂ ಕಡೆ ಹಗಲು ಲೈಟ್ ಇಲ್ಲ. ಫ್ಯೂಸ್, ರಿಲೇ ಎಲ್ಲ ಸರಿ ಇದ್ದಿದ್ದಕ್ಕೂ ಅದೇ ಕಾರಣ. ಒಂದು ಬಲ್ಬ್ ಬದಲಾಯಿಸಿದ, ಮುಗೀತು.

(5/8)

ಎಲ್ಲ ಹಳೇ ಟ್ರಕ್ಕಿನ ಕಾಯಿಲೆಯೂ ಇದೇ ಅಂತಲ್ಲ. ಹೊರದೇಶದಲ್ಲಿರೋ ನಿಮ್ಮ ಕಸಿನ್ಸ್ ಯಾರಾದ್ರೂ ಕೇಳಿದ್ರೆ ಅಂತ ಉಳಿದದ್ದನ್ನೂ ಹೇಳಿಬಿಡ್ತೀನಿ. ಇದನ್ನ ಸೇವ್ ಮಾಡ್ಕೊಳ್ಳಿ.

ಬಾನೆಟ್ ಎತ್ತೋ ಮೊದಲು ಪಾರ್ಕಿಂಗ್ ಬ್ರೇಕ್ ನೋಡಿ. ಬಹಳಷ್ಟು ಪಿಕಪ್‌ಗಳಲ್ಲಿ ಅದು ಕೈಗೆ ಸಿಗಲ್ಲ, ಎಡಗಾಲಿನ ಹತ್ತಿರ ಪೆಡಲ್ ಇರುತ್ತೆ. ಜನರಲ್ ಮೋಟರ್ಸ್ ಥರದ ಕಂಪನಿಗಳ ಗಾಡಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿದ್ರೆ ಡಿಆರ್‌ಎಲ್ ಬೇಕಂತಲೇ ಆಫ್ ಆಗಿರುತ್ತೆ. ಪೆಡಲ್ ಪೂರ್ತಿ ಮೇಲೆ ಬಂದ್ರೂ ಅದರ ಸ್ವಿಚ್ಚು ತುಕ್ಕು ಹಿಡಿದು ಅಂಟ್ಕೊಂಡಿದ್ರೆ, ಗಾಡಿ ಇನ್ನೂ ನಿಂತೇ ಇದೆ ಅಂತ ಲೈಟಿನ ಸರ್ಕ್ಯೂಟ್ ಅಂದ್ಕೊಳ್ಳುತ್ತೆ. ಗುರುತು ಸುಲಭ: ಬ್ರೇಕ್ ಬಿಟ್ಟ ಮೇಲೂ ಡ್ಯಾಶ್‌ಬೋರ್ಡಲ್ಲಿ ಕೆಂಪು ಬ್ರೇಕ್ ದೀಪ ಹೋಗಲ್ಲ. ಹಾಗಂತ ಅದು ಬರೀ ಸ್ವಿಚ್ಚು ಅಂತ ಬಿಟ್ಟುಬಿಡಬೇಡಿ. ಬ್ರೇಕ್ ಆಯಿಲ್ ಕಡಿಮೆ ಆದ್ರೂ ಅದೇ ದೀಪ ಉರಿಯುತ್ತೆ, ಅದನ್ನ ಮೊದಲು ನೋಡಿ. ಇನ್ನು ಕೆಲವು ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್ ಪಾರ್ಕಿನಿಂದ ಈಚೆ ಬರೋ ತನಕ ಹಗಲು ಲೈಟು ಹತ್ತಲ್ಲ. ಮನೆ ಮುಂದೆ ನಿಲ್ಲಿಸ್ಕೊಂಡು "ಹತ್ತಲ್ಲ, ಹತ್ತಲ್ಲ" ಅಂತ ಗಂಟೆಗಟ್ಟಲೆ ತಲೆ ಕೆಡಿಸ್ಕೊಳ್ಳೋದು ಹೀಗೇ.

ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಹತ್ತಿರ, ಗುಂಡಿಯಷ್ಟು ಚಿಕ್ಕ ಸೆನ್ಸರ್ ಇರುತ್ತೆ, ಎಲ್ಲದರಲ್ಲೂ ಇಲ್ಲ. ಅದು ಬೆಳಕು ಅಳೆಯುತ್ತೆ. ಅದರ ಮೇಲೆ ಪೇಪರೋ ಟಿಶ್ಯೂ ಡಬ್ಬವೋ ಬಿದ್ದಿದ್ರೆ ಗಾಡಿಗೆ ಮಟಮಟ ಮಧ್ಯಾಹ್ನವೂ ರಾತ್ರಿನೇ. ಡಿಆರ್‌ಎಲ್ ಹೋಗಿ ಫುಲ್ ಹೆಡ್‌ಲೈಟ್ ಹತ್ತಿರುತ್ತೆ. ಸೆನ್ಸರ್ ಕೆಲಸ ಮಾಡ್ತಿದ್ಯಾ ಅಂತ ನೋಡೋಕೂ ಅದೇ ಉಪಾಯ: ಒಂದು ಬಟ್ಟೆ ಮುಚ್ಚಿ, ಸ್ವಲ್ಪ ಕಾಯಿರಿ.

ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಮಂಕಾಗಿ ಉರಿದ್ರೆ ಮೊದಲ ಅನುಮಾನ ಅರ್ಥ್ ಮೇಲೆ. ಕೆನಡಾದಲ್ಲಿ ಹಿಮ ಕರಗ್ಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪುನೀರು ಹೆಡ್‌ಲೈಟ್ ಹಿಂದಿನ ಕನೆಕ್ಟರ್‌ಗೆ ನುಗ್ಗಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತೆ, ಬಾಡಿಗೆ ಅರ್ಥ್ ಕೊಟ್ಟಿರೋ ಬೋಲ್ಟನ್ನ ತಿನ್ನುತ್ತೆ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿದ್ರೆ ಎಷ್ಟೋ ಸಲ ಅಷ್ಟೇ ಸಾಕು. ರೆಸಿಸ್ಟರ್ ಇರೋ ಗಾಡಿಯಾದ್ರೆ ಅದರ ಪ್ಲಗ್ ಕರಗಿದ್ಯಾ ನೋಡಿ, ಆದ್ರೆ ಗಾಡಿ ಓಡಿಸಿ ಬಂದ ತಕ್ಷಣ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತೆ.

ಇನ್ನೊಂದು ನಮ್ಮ ಹುಡುಗರಿಗೂ ಅರ್ಥ ಆಗೋ ವಿಷಯ. ಹಳೇ ಹ್ಯಾಲೊಜೆನ್ ಕಿತ್ತು ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಹಗಲಲ್ಲಿ ಲೈಟ್ ಮಿಣಿಮಿಣಿ ಅಂತಿದ್ಯಾ? ಗಾಡಿಯಲ್ಲಿ ದೋಷ ಇಲ್ಲ. ಅರ್ಧ ವೋಲ್ಟೇಜು, ಆನ್-ಆಫ್ ಕರೆಂಟು ಇವೆಲ್ಲ ಫಿಲಮೆಂಟಿಗೆ ಅಂತ ಮಾಡಿದ ಲೆಕ್ಕ. ಎಲ್‌ಇಡಿಯ ಒಳಗಿರೋ ಸರ್ಕ್ಯೂಟಿಗೆ ಅದು ಒಗ್ಗಲ್ಲ.

ಕೈಮುಗಿದು ಒಂದು ಮಾತು: ಏನೂ ಮಾಡಕ್ಕಾಗ್ಲಿಲ್ಲ ಅಂತ ಬ್ಯಾಟರಿಯಿಂದ ನೇರ ವೈರ್ ಎಳೆದು ಹೈ ಬೀಮ್ ಉರಿಸ್ಬೇಡಿ. ಹತ್ತನೇ ಒಂದು ಭಾಗ ಇರಬೇಕಾದ ಬೆಳಕು ಪೂರ್ತಿ ಹೋಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

(6/8)

ಗಡಿಯ ಈಚೆ, ಅಮೆರಿಕದಲ್ಲಿ, ಕಥೆ ಉಲ್ಟಾ ನಡೀತು. ಅಲ್ಲಿ ಸರ್ಕಾರ ಕಡ್ಡಾಯ ಮಾಡಲಿಲ್ಲ, ಕಂಪನಿನೇ ಬೇಕು ಅಂತ ಹಿಂದೆ ಬಿತ್ತು.

ಕೆನಡಾಗೆ ಒಂದು ವೈರಿಂಗ್, ಅಮೆರಿಕಕ್ಕೆ ಒಂದು ವೈರಿಂಗ್ ಅಂತ ಮಾಡೋದಕ್ಕಿಂತ ಎಲ್ಲಕ್ಕೂ ಒಂದೇ ಮಾಡಿದ್ರೆ ತಯಾರಿಕೆ ಸಲೀಸು. ಆದ್ರೆ ಅಮೆರಿಕದ ಕೆಲವು ರಾಜ್ಯಗಳ ನಿಯಮಗಳು ಈ ಥರ ಮಂದ ಹೆಡ್‌ಲೈಟಿಗೆ ಅಡ್ಡ ಬರ್ತಿದ್ವು. ಜನರಲ್ ಮೋಟರ್ಸ್ ಅರ್ಜಿ ಹಾಕ್ತು. ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1993ರಲ್ಲಿ ಅನುಮತಿ ಕೊಡ್ತು: ಹಾಕಬಹುದು, ಹಾಕಲೇಬೇಕು ಅಂತಿಲ್ಲ. 1995ರ ಮಾಡೆಲ್‌ಗಳಿಂದ ಜನರಲ್ ಮೋಟರ್ಸ್ ತನ್ನ ಗಾಡಿಗಳಿಗೆ ಹಾಕೋಕೆ ಶುರು ಮಾಡ್ತು.

ಬೈಗುಳವೂ ಶುರುವಾಯ್ತು. ಹೈ ಬೀಮ್ ಅನ್ನೋದು ನೇರ ಮುಂದಕ್ಕೆ ಗುರಿ ಇಟ್ಟ ಬೆಳಕು. ಮಂದ ಮಾಡಿದ್ರೂ ಗುರಿ ಬದಲಾಗಲ್ಲ. ಅದರಲ್ಲೂ ಎತ್ತರದ ಪಿಕಪ್ ಹಿಂದೆ ಬಂದ್ರೆ ಮುಂದಿನ ಚಿಕ್ಕ ಕಾರಿನ ಕನ್ನಡಿ ತುಂಬ ಅದೇ. ಕಣ್ಣಿಗೆ ಹೊಡೆಯುತ್ತೆ ಅಂತ ನೂರಾರು ದೂರು ಬಂದ್ವು. 1998ರಲ್ಲಿ ಎನ್‌ಎಚ್‌ಟಿಎಸ್‌ಎ ಬೆಳಕಿನ ಮಿತಿ ಇಳಿಸೋ ಪ್ರಸ್ತಾಪ ಮಾಡಿ ಕೊನೆಗೆ ಕೈಬಿಟ್ಟಿತು. "ನನ್ನ ಗಾಡಿ, ನನ್ನ ಲೈಟು, ಆಫ್ ಮಾಡೋ ಸ್ವಿಚ್ಚೇ ಇಲ್ವಲ್ಲ" ಅಂತ ಸಿಟ್ಟಾದವರು ರಿಲೇ ಕಿತ್ತು ಗ್ಲೋವ್ ಬಾಕ್ಸಿಗೆ ಎಸೆದ್ರು. ಹಳೇ ಟ್ರಕ್ ತಗೊಂಡವರಿಗೆ ಇದೂ ಒಂದು ಟಿಪ್: ರಿಲೇ ಜಾಗ ಖಾಲಿ ಇದ್ರೆ ಆಶ್ಚರ್ಯ ಪಡಬೇಡಿ, ಹಿಂದಿನ ಓನರ್ ಪ್ರತಿಭಟನೆ ಮಾಡಿರ್ತಾನೆ.

2001ರಲ್ಲಿ ಜನರಲ್ ಮೋಟರ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಎಲ್ಲ ಕಂಪನಿಗೂ ಕಡ್ಡಾಯ ಮಾಡಿ" ಅಂತ ಅರ್ಜಿ ಕೊಡ್ತು. ನಾವು ಮಾತ್ರ ಖರ್ಚು ಮಾಡಿ, ಬೈಸ್ಕೊಂಡು ಕೂರೋದು ಯಾಕೆ ಅನ್ನೋ ವ್ಯಾಪಾರಿ ಬುದ್ಧಿನೂ ಅದರಲ್ಲಿ ಇತ್ತು ಅಂತ ನನ್ನ ಅನಿಸಿಕೆ. ಎನ್‌ಎಚ್‌ಟಿಎಸ್‌ಎ ಅಂಕಿಅಂಶ ಕೂಡಿಸಿ 2008ರಲ್ಲಿ ವರದಿ ಕೊಟ್ಟಿತು. ಕಾರುಗಳಲ್ಲಿ ಡಿಆರ್‌ಎಲ್‌ನಿಂದ ಅಪಘಾತ ಕಡಿಮೆಯಾಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಪಿಕಪ್, ವ್ಯಾನ್ ಗುಂಪಿನಲ್ಲಿ ಎರಡು ಗಾಡಿಗಳ ನಡುವಿನ ಅಪಘಾತದಲ್ಲಿ 5.7 ಶೇಕಡ ಇಳಿಕೆ. ಅಂದ್ರೆ ಲಾಭ ಏನಾದ್ರೂ ಕಂಡಿದ್ರೆ ಅದು ಟ್ರಕ್ಕುಗಳಲ್ಲೇ! ಇಷ್ಟಕ್ಕೆ ದೇಶಕ್ಕೆಲ್ಲ ಕಡ್ಡಾಯ ಮಾಡಕ್ಕಾಗಲ್ಲ ಅಂತ 2009ರಲ್ಲಿ ಅರ್ಜಿ ತಿರಸ್ಕಾರ ಆಯ್ತು. ಇವತ್ತಿಗೂ ಅಮೆರಿಕದಲ್ಲಿ ಕಡ್ಡಾಯ ಇಲ್ಲ.

(7/8)

ಯುರೋಪಿನ ವಿಷಯ ಬೇಗ ಮುಗಿಸ್ತೀನಿ. ಆಸ್ಟ್ರಿಯಾ 2005ರಲ್ಲಿ ಹಗಲಲ್ಲಿ ಹೆಡ್‌ಲೈಟ್ ಕಡ್ಡಾಯ ಮಾಡಿ 2008ರ ಜನವರಿಯಲ್ಲಿ ರದ್ದು ಮಾಡ್ತು. ಕಾರುಗಳೆಲ್ಲ ದೀಪ ಹಚ್ಚಿದ್ರೆ ಅದರ ಮಧ್ಯೆ ಬೈಕಿನವರು, ಸೈಕಲ್‌ನವರು, ನಡೆಯೋರು ಇನ್ನೂ ಕಾಣದೆ ಹೋಗ್ತಾರೆ ಅನ್ನೋ ವಾದ ಅಲ್ಲಿ ಜೋರಾಗಿತ್ತು. ನನಗೆ ಈ ವಾದ ಸುಮ್ಮನೆ ತಳ್ಳಿಹಾಕೋ ಥರದ್ದು ಅನ್ಸಲ್ಲ. ಕಾಣಿಸ್ಕೊಳ್ಳೋದು ಒಂದು ಪೈಪೋಟಿ ಆಗಿಬಿಟ್ರೆ ದೀಪವೇ ಇಲ್ಲದವನು ಸೋಲ್ತಾನೆ.

ಯುರೋಪಿಯನ್ ಯೂನಿಯನ್ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ, 2012ರ ಆಗಸ್ಟಿಂದ ಲಾರಿ, ಬಸ್ಸುಗಳಿಗೆ ಡಿಆರ್‌ಎಲ್ ಕಡ್ಡಾಯ ಮಾಡ್ತು. ಅಲ್ಲಿ ಪ್ರತ್ಯೇಕ ದೀಪವೇ ಬೇಕು, ಬೆಳಕು 1200 ಕ್ಯಾಂಡೆಲಾ ಮೀರೋ ಹಾಗಿಲ್ಲ. ಕೆನಡಾದ 7000ದ ಪಕ್ಕ ಇಟ್ಟು ನೋಡಿ. ಆ ಹೊತ್ತಿಗೆ ಎಲ್‌ಇಡಿ ಅಗ್ಗ ಆಗ್ತಿತ್ತು, ಆಡಿ ಥರದ ಕಂಪನಿಗಳು ಅದನ್ನ ಗಾಡಿಯ ಹುಬ್ಬಿನ ಹಾಗೆ ಡಿಸೈನ್ ಮಾಡಿ ಶೋಕಿ ವಸ್ತು ಮಾಡಿದ್ವು. ಈಗ ನಮ್ಮೂರ ಶೋರೂಮಲ್ಲಿ "ಡಿಆರ್‌ಎಲ್ ಇದೆ ಸರ್" ಅಂತ ಟಾಪ್ ಮಾಡೆಲ್ ಮಾರ್ತಾರಲ್ಲ, ಅದು ಬಂದಿದ್ದು ಈ ದಾರೀಲಿ.

(8/8)

ಇಷ್ಟೆಲ್ಲ ಓದಿದ ಮೇಲೆ ನನಗೆ ಹೆಚ್ಚು ಭಯ ಆಗಿದ್ದು ಡಿಆರ್‌ಎಲ್ ಕೆಟ್ಟ ಟ್ರಕ್ ಬಗ್ಗೆ ಅಲ್ಲ. ಡಿಆರ್‌ಎಲ್ ಸರಿ ಇರೋ ಹಳೇ ಟ್ರಕ್ ಬಗ್ಗೆ.

ಯಾಕಂದ್ರೆ ಆ ಹಳೇ ವ್ಯವಸ್ಥೆಯಲ್ಲಿ ಉರಿಯೋದು ಮುಂದಿನ ದೀಪ ಮಾತ್ರ. ಹಿಂದಿನ ಕೆಂಪು ದೀಪ ಉರಿಯಲ್ಲ. ಮುಸ್ಸಂಜೆ ಹೊತ್ತು, ಹಿಮ ಬೀಳ್ತಾ ಇದೆ ಅಂದ್ಕೊಳ್ಳಿ. ಸೆನ್ಸರ್ ಇಲ್ಲದ ಗಾಡಿ, ಇಲ್ಲಾ ಹಿಮದ ಬಿಳುಪನ್ನೇ ಹಗಲು ಅಂದ್ಕೊಂಡ ಸೆನ್ಸರ್. ಡ್ರೈವರ್‌ಗೆ ಮುಂದೆ ರಸ್ತೆ ಮೇಲೆ ಸ್ವಲ್ಪ ಬೆಳಕು ಕಾಣ್ತಿದೆ, ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡೂ ಬೆಳಗ್ತಿದೆ. ಲೈಟ್ ಹಾಕಿದ್ದೀನಿ ಅಂತ ಅವನ ಲೆಕ್ಕ. ಹಿಂದೆ ನೂರು ಕಿಲೋಮೀಟರ್ ಸ್ಪೀಡಲ್ಲಿ ಬರ್ತಿರೋನಿಗೆ ಮಾತ್ರ ಎದುರಿಗೆ ಬರೀ ಕತ್ತಲೆ.

ಕೆನಡಾದಲ್ಲಿ ಇಂಥವಕ್ಕೆ ಫ್ಯಾಂಟಮ್ ವೆಹಿಕಲ್ ಅಂತಾನೇ ಹೆಸರು. ದೆವ್ವದ ಗಾಡಿ ಅನ್ನಿ. 1989ರ ಕಾನೂನಿನ ಈ ತೂತು ಮುಚ್ಚೋಕೆ 2021ರ ಸೆಪ್ಟೆಂಬರ್ ಬರಬೇಕಾಯ್ತು. ಈಗಿನ ಹೊಸ ಗಾಡಿಗಳಲ್ಲಿ ಡಿಆರ್‌ಎಲ್ ಜೊತೆಗೆ ಹಿಂದಿನ ದೀಪವೂ ಉರಿಯಬೇಕು, ಇಲ್ಲಾ ಕತ್ತಲಾದಾಗ ಎಲ್ಲ ಲೈಟೂ ತಾನಾಗೇ ಹತ್ತಬೇಕು, ಇಲ್ಲಾ ಡ್ರೈವರ್‌ಗೆ ಗೊತ್ತಾಗೋ ಹಾಗೆ ಡ್ಯಾಶ್‌ಬೋರ್ಡ್ ಕತ್ತಲಾಗಿರಬೇಕು. ನಿಯಮ ಹೊಸ ಗಾಡಿಗಳಿಗೆ ಮಾತ್ರ. ಹಳೇವು ಹಾಗೇ ಓಡ್ತಿವೆ. ಅಂಥ ಟ್ರಕ್ ಇರೋರು ಮಳೆ, ಮಂಜು, ಹಿಮ, ಸಂಜೆ ಯಾವಾಗ್ಲಾದ್ರೂ ಲೈಟ್ ಸ್ವಿಚ್ಚನ್ನ ಕೈಯಲ್ಲಿ ತಿರುಗಿಸಲೇಬೇಕು. ರಿಪೇರಿ ಆದ ದಿನ ಒಂದು ಸಲ ಗಾಡಿ ಹಿಂದೆ ಹೋಗಿ ನಿಂತು ನೋಡೋದೂ ಒಳ್ಳೇದು.

ನಮ್ಮಲ್ಲಿ? 2017ರ ಏಪ್ರಿಲ್ 1ರಿಂದ ತಯಾರಾಗೋ ಬೈಕು, ಸ್ಕೂಟರ್‌ಗಳಿಗೆಲ್ಲ ಹೆಡ್‌ಲೈಟ್ ಸದಾ ಆನ್. ಸ್ವಿಚ್ಚೇ ಇಲ್ಲ. ಶುರುವಿನಲ್ಲಿ ದಾರಿ ತುಂಬ ಜನ ಬೆರಳು ಬಿಚ್ಚಿ ಮುಚ್ಚಿ "ಲೈಟು, ಲೈಟು" ಅಂತ ಸನ್ನೆ ಮಾಡ್ತಿದ್ರಲ್ಲ, ಈಗಲೂ ಕೆಲವರು ಮಾಡ್ತಾರೆ. ಕಾರಿಗೆ ಕಡ್ಡಾಯ ಮಾಡದೆ ಬೈಕಿಗೆ ಮಾತ್ರ ಮಾಡಿದ್ದು ನನ್ನ ಪ್ರಕಾರ ಸರಿ. ಆಸ್ಟ್ರಿಯಾದಲ್ಲಿ ಕೇಳಿಬಂದ ಭಯಕ್ಕೆ ಇದು ಪಕ್ಕಾ ಉಲ್ಟಾ ಉತ್ತರ: ಕಾಣಿಸ್ಕೊಳ್ಳೋ ಹಕ್ಕು ಮೊದಲು ಚಿಕ್ಕ ಗಾಡಿಗೆ. ಒಪ್ಪದೇ ಇರೋರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ.

ಮುಂದಿನ ಸರಣಿ ಸೀಟ್ ಬೆಲ್ಟ್ ಮೇಲೆ. ಇಂಟರ್ನಲ್ಸ್ ಮುಗಿದ ಮೇಲೆ ಹಾಕ್ತೀನಿ.